ಲೈಕ್ ಲೆಕ್ಕ ಬೇರೆ, ಲೈನ್‌ಅಪ್ ಲೆಕ್ಕ ಬೇರೆ

(1/6)
ದೇಹದಾರ್ಢ್ಯ ಸ್ಪರ್ಧೆ ಮುಗಿದ ಮಾರನೇ ದಿನ ನಮ್ಮ ಫೀಡ್‌ನಲ್ಲಿ ಇನ್ನೊಂದು ಸ್ಪರ್ಧೆ ಶುರುವಾಗುತ್ತೆ. ಒಂದು ಫೋಟೋ, ಮೂವರು ಪಟುಗಳು, ಕೆಳಗೆ ಇನ್ನೂರು ತೀರ್ಪು. "ಎರಡನೆಯವನೇ ಗೆಲ್ಬೇಕಿತ್ತು." "ಜಡ್ಜ್‌ಗಳಿಗೆ ಕಣ್ಣಿಲ್ವಾ?" "ದುಡ್ಡು ಓಡಿದೆ ಗುರು." ಹೀಗೆ ಬರೆಯೋರಲ್ಲಿ ಎಷ್ಟು ಜನ ಆ ಹಾಲ್‌ನ ಬಾಗಿಲು ನೋಡಿದ್ದಾರೆ?

ನೇರವಾಗಿ ಹೇಳ್ತೀನಿ. ಫೋಟೋ ನೋಡಿ ಒಂದು ಮೈಯನ್ನು ಮೆಚ್ಚಬಹುದು. ಅದಕ್ಕೆ ಸ್ಥಾನ ಕೊಡೋಕಾಗಲ್ಲ. ಕೋಪ ಬಂದ್ರೂ ಆರೂ ಭಾಗ ಓದಿ, ಆಮೇಲೆ ಜಗಳಕ್ಕೆ ಬನ್ನಿ.

(2/6)
ಮೊದಲು ನಿಮ್ಮ ಕೈಲಿರೋ ಫೋನ್ ವಿಷಯ. ಅದರ ಮುಖ್ಯ ಲೆನ್ಸ್ ಅಗಲಕ್ಕೆ ನೋಡುವಂಥದ್ದು. ಹತ್ತಿರ ಇರೋದನ್ನು ದೊಡ್ಡದು ಮಾಡುತ್ತೆ, ಚೌಕಟ್ಟಿನ ಅಂಚಲ್ಲಿ ನಿಂತವನನ್ನು ಅಡ್ಡಕ್ಕೆ ಎಳೆಯುತ್ತೆ. ಮುಂದಿನ ಸಾಲಲ್ಲಿ ಕೂತು ಕೆಳಗಿಂದ ತೆಗೆದರೆ ತೊಡೆ ಕಂಬ, ತಲೆ ನಿಂಬೆಹಣ್ಣು. ಬಾಲ್ಕನಿಯಿಂದ ತೆಗೆದರೆ ಭುಜ ಅಗಲ, ಕಾಲು ಕಡ್ಡಿ. ಮನುಷ್ಯ ಒಬ್ಬನೇ, ಕ್ಷಣವೂ ಒಂದೇ.

ಇನ್ನು ಬೆಳಕು. ನಾವು "ಕಟ್ಸ್" ಅಂತೀವಲ್ಲ, ಅದು ಕಣ್ಣಿಗೆ ಬೀಳೋದೇ ನೆರಳಿನಿಂದ. ಪಟುಗಳು ಮೈಗೆಲ್ಲ ಕಡು ಕಂದು ಬಣ್ಣ ಬಳಿದುಕೊಂಡು ಬರೋದೂ ಅದಕ್ಕೇ. ಇಲ್ಲದಿದ್ದರೆ ವೇದಿಕೆಯ ಬೆಳಕು ವಿವರವನ್ನೆಲ್ಲ ನುಂಗಿಬಿಡುತ್ತೆ. ಫೋನಿನ ಸಾಫ್ಟ್‌ವೇರ್ ನೆರಳನ್ನು ತಿಳಿ ಮಾಡಿದರೆ ಇದ್ದ ಕಟ್ಸ್ ಮಾಯ, ಅಂಚನ್ನು ಚೂಪು ಮಾಡಿದರೆ ಇಲ್ಲದ ಕಟ್ಸ್ ಹಾಜರ್.

ನಡುವೆ ನಿಂತವನಿಗೆ ಬೀಳುವಷ್ಟು ಬೆಳಕು ತುದಿಯವನಿಗೆ ಬೀಳದೇ ಇರಬಹುದು. ಮುಖ್ಯ ತೀರ್ಪುಗಾರರು ಹೋಲಿಕೆಯ ನಡುವೆ ಪಟುಗಳ ಜಾಗ ಬದಲಿಸೋದು ಸುಮ್ನೆ ಅಲ್ಲ. ನೀವು ಶೇರ್ ಮಾಡಿದ ಫೋಟೋ ಜಾಗ ಬದಲಾಗುವ ಮುಂಚಿನದೋ, ಆಮೇಲಿನದೋ? ಗೊತ್ತಿಲ್ಲ ಅಲ್ವಾ?

(3/6)
ಅಲ್ಲಿ ತೀರ್ಪುಗಾರರು ನೋಡೋದೇನು? ಪಟುಗಳು ಮೊದಲು ಸಹಜವಾಗಿ ನಿಂತು ನಾಲ್ಕೂ ದಿಕ್ಕಿಗೆ ತಿರುಗಬೇಕು. ಆಮೇಲೆ ಕಡ್ಡಾಯ ಭಂಗಿಗಳು: ಮುಂದಿನಿಂದ ಡಬಲ್ ಬೈಸೆಪ್ಸ್, ಲ್ಯಾಟ್ ಸ್ಪ್ರೆಡ್, ಪಕ್ಕದಿಂದ ಎದೆ, ಟ್ರೈಸೆಪ್ಸ್, ಬೆನ್ನು ತಿರುಗಿಸಿ ಮತ್ತೆ ಡಬಲ್ ಬೈಸೆಪ್ಸ್, ಲ್ಯಾಟ್ ಸ್ಪ್ರೆಡ್, ಕೊನೆಗೆ ಹೊಟ್ಟೆ ಮತ್ತು ತೊಡೆ. ಪ್ರತಿಯೊಂದನ್ನೂ ಹಿಡಿದು ನಿಲ್ಲಬೇಕು. ಉಸಿರು ತಪ್ಪುತ್ತೆ, ಕಾಲು ನಡುಗುತ್ತೆ, ಬೆವರು ಇಳಿಯುತ್ತೆ. ಹತ್ತನೇ ನಿಮಿಷದಲ್ಲಿ ಯಾರ ಹೊಟ್ಟೆ ಹತೋಟಿಯಲ್ಲಿದೆ, ಯಾರದ್ದು ಸಡಿಲ ಬಿತ್ತು ಅನ್ನೋದು ಎದುರಿಗೆ ಕೂತವರಿಗೆ ಕಾಣುತ್ತೆ. ಸೆಕೆಂಡಿನ ನೂರನೇ ಒಂದು ಭಾಗ ಹಿಡಿದ ಫೋಟೋಗೆ ಇದೆಲ್ಲ ಎಲ್ಲಿಂದ ಕಾಣಬೇಕು?

ಸ್ನಾಯುವಿನ ದಪ್ಪ, ಗಟ್ಟಿತನ ಇವು ಮೈ ತಿರುಗುವಾಗ ಗೊತ್ತಾಗೋ ಗುಣಗಳು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 1901ರಲ್ಲಿ ಯುಜೀನ್ ಸ್ಯಾಂಡೋ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದಾಗ ತೀರ್ಪಿಗೆ ಕರೆಸಿದವರಲ್ಲಿ ಚಾರ್ಲ್ಸ್ ಲಾಸ್ ಒಬ್ಬರು. ಅವರು ಶಿಲ್ಪಿ. ಆಕಾರವನ್ನು ಸುತ್ತಲಿಂದ ನೋಡಿ ಅಭ್ಯಾಸ ಇದ್ದ ಕಣ್ಣು ಅದು.

ಇನ್ನೊಂದು ವಿಷಯ. ದೊಡ್ಡ ಸ್ಪರ್ಧೆಗಳಲ್ಲಿ ಮುಖ್ಯ ಹೋಲಿಕೆಗಳು ನಡೆಯೋದು ಪ್ರೀಜಡ್ಜಿಂಗ್‌ನಲ್ಲಿ. ನಿಮ್ಮ ಫೀಡ್‌ಗೆ ಬರೋದು ಟ್ರೋಫಿ ಹಿಡಿದ ಫೋಟೋ. ಅದು ಗಂಟೆಗಟ್ಟಲೆ ಆದಮೇಲಿನದು. ಅಷ್ಟರಲ್ಲಿ ಪಟು ಏನೋ ತಿಂದಿರ್ತಾನೆ, ಕುಡಿದಿರ್ತಾನೆ, ಮೈ ಬದಲಾಗಿರುತ್ತೆ.

(4/6)
ಎರಡು ಹಳೇ ಉದಾಹರಣೆ ಕೊಡ್ತೀನಿ. 1972, ಜರ್ಮನಿಯ ಎಸ್ಸೆನ್, ಮಿ. ಒಲಿಂಪಿಯಾ. ಗೆದ್ದದ್ದು ಅರ್ನಾಲ್ಡ್ ಶ್ವಾರ್ಜ಼ನೆಗರ್, ಎರಡನೇ ಸ್ಥಾನ ಸರ್ಜಿಯೋ ಒಲಿವಾಗೆ. ಸರ್ಜಿಯೋ ಎರಡೂ ಕೈ ಮೇಲಕ್ಕೆತ್ತಿ ನಿಂತ ಭಂಗಿಯ ಫೋಟೋ ಇವತ್ತಿಗೂ ಓಡಾಡುತ್ತಿದೆ, ಐವತ್ತು ವರ್ಷದಿಂದ ಜಗಳವೂ ನಡೀತಿದೆ. ಆ ಭಂಗಿಯಲ್ಲಿ ಅವನಿಗೆ ಸಾಟಿ ಇಲ್ಲ, ನಾನೂ ಒಪ್ತೀನಿ. ಆದರೆ ಅದು ಅವನೇ ಆರಿಸಿಕೊಂಡ ಭಂಗಿ. ಇಬ್ಬರೂ ಪಕ್ಕಪಕ್ಕ ಬೆನ್ನು ತಿರುಗಿಸಿ ನಿಂತ ಚಿತ್ರವನ್ನು ಯಾರು ಅಷ್ಟು ಶೇರ್ ಮಾಡ್ತಾರೆ ಹೇಳಿ?

ಎರಡನೆಯದು ಡೋರಿಯನ್ ಯೇಟ್ಸ್. 1993ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತನ್ನ ಜಿಮ್‌ನಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೋಗಳು ಇಡೀ ಕ್ಷೇತ್ರವನ್ನೇ ಬೆಚ್ಚಿಬೀಳಿಸಿದವು. ಅವು ಸ್ಪರ್ಧೆಗೆ ಕೆಲವು ವಾರ ಮೊದಲಿನವು. ಆ ಮೈಗೆ ಯಾರೂ ಅಂಕ ಕೊಟ್ಟಿಲ್ಲ. ಅಂಕ ಬಿದ್ದದ್ದು ಆಮೇಲೆ ಅಟ್ಲಾಂಟಾ ವೇದಿಕೆಗೆ ತಂದ ಮೈಗೆ.

ಹಾಗಂತ ಫೋಟೋ ನಮ್ಮ ಶತ್ರು ಅಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ನಮ್ಮ ಕೆ.ವಿ. ಅಯ್ಯರ್ ಅವರ ಮೈಕಟ್ಟು ಹೊರದೇಶದ ವ್ಯಾಯಾಮ ಪತ್ರಿಕೆಗಳ ಓದುಗರಿಗೆ ತಲುಪಿದ್ದು ಫೋಟೋದಿಂದಲೇ. ಫೋಟೋ ಪರಿಚಯ ಮಾಡಿಸಲಿ, ಹುರುಪು ತುಂಬಲಿ. ತೀರ್ಪುಗಾರರ ಕುರ್ಚಿ ಮೇಲೆ ಮಾತ್ರ ಕೂರೋದು ಬೇಡ.

(5/6)
"ಹಾಗಾದ್ರೆ ಜಡ್ಜ್‌ಗಳು ದೇವರಾ?" ಅಂತ ಕೇಳ್ತೀರಿ. ಅಲ್ಲವೇ ಅಲ್ಲ. ತಮ್ಮ ಶಿಷ್ಯ ವೇದಿಕೆಯಲ್ಲಿದ್ದರೆ ಕಣ್ಣು ವಾಲುತ್ತೆ. ಹೆಸರು ಮಾಡಿದವನಿಗೆ ಅರ್ಧ ಅಂಕ ಮೊದಲೇ ಬಿದ್ದಿರುತ್ತೆ. ಬದಿಯ ಕುರ್ಚಿಯಲ್ಲಿ ಕೂತವರಿಗೆ ನಡುವಿನವರಿಗೆ ಕಂಡಷ್ಟು ಕಾಣಲ್ಲ. "ನೀನು ಅಲ್ಲಿರಲಿಲ್ಲ, ಸುಮ್ನಿರು" ಅನ್ನೋ ಮಾತು ಕೆಟ್ಟ ತೀರ್ಪಿಗೆ ಒಳ್ಳೇ ಕಂಬಳಿ. ಆ ಕಂಬಳಿ ನಾನು ಹೊದಿಸಲ್ಲ.

ಆದರೆ ಅದಕ್ಕೆ ಮದ್ದು ಫೋಟೋ ಅಲ್ಲ, ಅಂಕಪಟ್ಟಿ. ಪ್ರತಿ ತೀರ್ಪುಗಾರರು ಸ್ಥಾನ ಬರೀತಾರೆ, ಕೂಡಿಸಿದಾಗ ಕಡಿಮೆ ಬಂದವನು ಗೆಲ್ತಾನೆ. ಆ ಕಾಗದವನ್ನು ಅದೇ ದಿನ ಗೋಡೆಗೆ ಅಂಟಿಸಲಿ. ಸ್ವಂತ ಶಿಷ್ಯ ಇರುವ ವಿಭಾಗದಲ್ಲಿ ಗುರು ಕೂರದಿರಲಿ. ಒಬ್ಬರ ಅಂಕ ಮಾತ್ರ ಉಳಿದವರಿಗಿಂತ ವಿಪರೀತ ದೂರ ಇದ್ದರೆ ಕಾರಣ ಕೇಳಿ, ಬಿಡಬೇಡಿ. ಸಂಘಟಕರನ್ನು ಹೀಗೆ ಹಿಡಿದು ನಿಲ್ಲಿಸೋದು ಬಿಟ್ಟು ಒಂದು ಮಸುಕು ಸ್ಕ್ರೀನ್‌ಶಾಟ್ ಹಾಕಿ "ಅನ್ಯಾಯ" ಅಂದರೆ ಅವರು ಆರಾಮಾಗಿ ನಕ್ಕೊಂಡು ಮನೆಗೆ ಹೋಗ್ತಾರೆ.

(6/6)
ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅಂದ್ರೆ, ಇದರ ಬೆಲೆ ತೆರೋದು ಹುಡುಗರು. ವೇದಿಕೆ ಆ ಒಣಗಿದ ಮೈಯನ್ನು ವರ್ಷಕ್ಕೆ ಒಂದೆರಡು ದಿನ ಕೇಳುತ್ತೆ. ಫೀಡ್ ದಿನಾ ಕೇಳುತ್ತೆ. ಆ ಒಂದು ದಿನವೇ ಎಷ್ಟು ಅಪಾಯ ಅನ್ನೋದಕ್ಕೆ ಮೊಹಮ್ಮದ್ ಬೆನಜಿಜಾ ಸಾಕು. 1992ರಲ್ಲಿ ಹಾಲೆಂಡಿನ ಸ್ಪರ್ಧೆಯ ಬೆನ್ನಲ್ಲೇ ಆತ ತೀರಿಕೊಂಡ. ಹಾಗಿರುವಾಗ ವಾರವಾರ ಫೋಟೋಗಾಗಿ ನೀರು ಬಿಡೋ, ಯಾರೋ ಕೊಟ್ಟ ಮಾತ್ರೆ ನುಂಗೋ ಹುಡುಗನಿಗೆ ನಿಮ್ಮ "ಕಟ್ಸ್ ಸಾಲ್ದು ಬ್ರೋ" ಏನು ಮಾಡುತ್ತೆ ಯೋಚಿಸಿ. ಫೀಸ್ ಕಟ್ಟಿಸಿಕೊಂಡು ಫೋಟೋ ನೋಡಿ ಟೈಟಲ್ ಹಂಚುವ ಆನ್‌ಲೈನ್ ಸ್ಪರ್ಧೆಗಳೂ ಅಷ್ಟೇ. ಅಲ್ಲಿ ಗೆಲ್ಲೋದು ಬೆಳಕು, ಲೆನ್ಸ್, ಫಿಲ್ಟರ್.

ಹಾಗಾಗಿ ಕೇಳೋದು ಇಷ್ಟೇ. ನಿಮ್ಮ ಜಿಲ್ಲೆಯಲ್ಲಿ ಸ್ಪರ್ಧೆ ನಡೆದಾಗ ಹೋಗಿ. ಮೈಸೂರು ದಸರಾದಲ್ಲೂ ನಡೆಯುತ್ತೆ, ಅಲ್ಲಿಗಾದ್ರೂ ಹೋಗಿ. ಒಂದು ಕಾಗದ ಇಟ್ಕೊಂಡು ನೀವೇ 1ರಿಂದ 5 ಬರೀರಿ, ಆಮೇಲೆ ಫಲಿತಾಂಶದ ಜೊತೆ ಹೋಲಿಸಿ. ಬೇರೆ ಬಂದರೆ ಜೋರಾಗಿ ಕೇಳಿ, ನಾನೂ ದನಿಗೂಡಿಸ್ತೀನಿ. ಅಲ್ಲೀತನಕ ಫೋಟೋ ಕೆಳಗೆ "ಚೆನ್ನಾಗಿದೆ" ಅಂತ ಬರೀರಿ, ಸ್ಥಾನ ಬರೀಬೇಡಿ.

#ದೇಹದಾರ್ಢ್ಯ #ಜಿಮ್‌ಕನ್ನಡ #ಅಂಕಪಟ್ಟಿತೋರಿಸಿ