ಹೂಳುವ ಮೊದಲೇ ಎಣಿಸಿ

ಪುಸ್ತಕದ ಲೆಕ್ಕವಷ್ಟೇ ಸಾಲದು, ಗೋದಾಮಿನ ಸರಕನ್ನೂ ಎಣಿಸಬೇಕು ಎಂದು ನಾವು ಕಾಮರ್ಸ್‌ನವರು ಕಲಿಯುತ್ತೇವೆ. ಅಣುಸ್ಥಾವರದಲ್ಲಿ ಬಳಸಿ ಮುಗಿದ ಇಂಧನಕ್ಕೂ ಇದೇ ನಿಯಮ. ಅದರಲ್ಲಿ ಪ್ಲುಟೋನಿಯಂ ಇರುತ್ತದೆ. 8 ಕಿಲೋ ಕಾಣೆಯಾದರೆ ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎನ್ನುತ್ತದೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಅದರ ಅಧಿಕಾರಿಗಳು ಕೊಳದ ನೀರಿನಲ್ಲಿ ಇಂಧನ ಹೊಮ್ಮಿಸುವ ನೀಲಿ ಬೆಳಕು ನೋಡುತ್ತಾರೆ, ವಿಕಿರಣ ಅಳೆಯುತ್ತಾರೆ, ಸೀಲು ಹಾಕುತ್ತಾರೆ.

ಇಂಥ ಇಂಧನವನ್ನು ಶಾಶ್ವತವಾಗಿ ಹೂಳಲು ಫಿನ್ಲೆಂಡ್ ಒಂಕಲೊ ಎಂಬಲ್ಲಿ 400 ಮೀಟರಿಗೂ ಆಳಕ್ಕೆ ಬಂಡೆ ಕೊರೆದಿದೆ. ಹೂತ ಮೇಲೆ ಮತ್ತೆ ತೆಗೆದು ಎಣಿಸುವುದು ಸುಲಭವಲ್ಲ. ಆದ್ದರಿಂದ ತಾಮ್ರದ ಡಬ್ಬಿಗೆ ತುಂಬುವ ಮೊದಲೇ ಪ್ರತಿ ಕಟ್ಟನ್ನೂ ಪರೀಕ್ಷಿಸಬೇಕು. ಖರ್ಚು, ತಡ ಎಂಬ ನೆಪ ಸಲ್ಲದು.

ಪ್ರಾಮಾಣಿಕ ದೇಶವನ್ನೇಕೆ ಶಂಕಿಸಬೇಕು? ಪ್ರಾಮಾಣಿಕ ಅಂಗಡಿಗೂ ಆಡಿಟ್ ಇರುತ್ತದಲ್ಲ! ನಮ್ಮ ಮನೆಯ ಉರ್ದುವಿನಲ್ಲಿ ಒಂದು ಮಾತಿದೆ: ‘ಹಿಸಾಬ್ ಜೌ ಜೌ, ಬಖ್ಶಿಶ್ ಸೌ ಸೌ’. ಇನಾಮು ನೂರು ಕೊಡಿ, ಲೆಕ್ಕ ಮಾತ್ರ ಕಾಳು ಕಾಳಿಗೂ ಇರಲಿ.