ಬೇಲಿಯಾಚೆಯ ಕುರ್ಚಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮೂರು ಕೊಳಾಲದ ಟೀ ಅಂಗಡಿಯಲ್ಲಿ ಎಲ್ಲರೂ ಗಣಿತದ ಮೇಷ್ಟ್ರಾಗುತ್ತಾರೆ. ಯಾವ ಊರಲ್ಲಿ ‘ನಮ್ಮೋರು’ ಎಷ್ಟು, ‘ಅವ್ರು’ ಎಷ್ಟು, ಯಾವ ಕೇರಿ ಯಾರಿಗೆ ಕೈ ಕೊಡುತ್ತದೆ, ಎಲ್ಲ ಜಾತಿಯ ಬಾಯಿಲೆಕ್ಕ. ಕಡ್ಲೆಕಾಯಿ ಮಾರಿದ ಲೆಕ್ಕ ತಪ್ಪಬಹುದು, ಇದು ತಪ್ಪುವುದಿಲ್ಲ. ಈ ಸಲ ಆ ಮಾತಿಗೆ ಖಾರ ಜಾಸ್ತಿಯಾಗಿದೆ. ಲೆಕ್ಕ ಹಾಕುತ್ತಿದ್ದವರೇ ಗ್ಲಾಸು ಕುಕ್ಕಿ ಎದ್ದು ಹೋಗಿದ್ದನ್ನು ಮೊನ್ನೆ ನೋಡಿದೆ.

ಇಷ್ಟಾದರೂ ಜನಾಂಗಭೇದ ಅಂದರೆ ಅಮೆರಿಕದ್ದು, ದಕ್ಷಿಣ ಆಫ್ರಿಕಾದ್ದು ಎಂದು ನಾವು ಶಾಲೆಯಲ್ಲಿ ಪಾಠ ಮಾಡಿದವರು. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿದಾಗ, ಜಾತಿಯ ಮಾತೂ ಬರಲಿ ಎಂದು ದಲಿತ ಸಂಘಟನೆಗಳು ಪಟ್ಟು ಹಿಡಿದವು. ಜಾತಿ ಬೇರೆ, ಜನಾಂಗ ಬೇರೆ ಎಂದು ನಮ್ಮ ಸರ್ಕಾರ ಒಪ್ಪಲಿಲ್ಲ. ಹುಟ್ಟಿನಿಂದ ಅಂಟಿಕೊಳ್ಳುವ ಭೇದದಲ್ಲಿ ಜಾತಿಯೂ ಸೇರುತ್ತದೆ ಎಂದು ಮರುವರ್ಷ ವಿಶ್ವಸಂಸ್ಥೆಯದೇ ಸಮಿತಿಯೊಂದು ಹೇಳಿತು. ಆ ಶಬ್ದದ ಜಗಳ ಪಂಡಿತರಿಗಿರಲಿ, ನಮಗೆ ಪಾವಗಡ ಸಾಕು.

ಶಿರಾ, ಪಾವಗಡ ನಮ್ಮ ತುಮಕೂರು ಜಿಲ್ಲೆಯವಾದರೂ ಲೋಕಸಭೆಗೆ ಚಿತ್ರದುರ್ಗಕ್ಕೆ ಸೇರುತ್ತವೆ. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2019ರ ಮೇ ತಿಂಗಳಲ್ಲಿ ಅಲ್ಲಿಂದ ಗೆದ್ದ ಎ. ನಾರಾಯಣಸ್ವಾಮಿ ಸೆಪ್ಟೆಂಬರ್ 16ರಂದು ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಹಟ್ಟಿಗೆ ಸೌಲಭ್ಯ ಮಾಡಿಸುವ ವಿಚಾರಕ್ಕೇ ಹೋದದ್ದು. ನಿಮ್ಮ ಜಾತಿಯವರು ಒಳಗೆ ಬರುವ ಹಾಗಿಲ್ಲ ಎಂದು ಕೆಲವರು ಅಡ್ಡ ನಿಂತರು. ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಬೈಗುಳವಿಲ್ಲ, ಹೊಡೆದಾಟವಿಲ್ಲ, ಕುರ್ಚಿ ಕೊಟ್ಟು ಹೊರಗೆ ಕೂರಿಸುವ ಆ ಮರ್ಯಾದೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸಂಸದರು ಪೊಲೀಸ್ ಕ್ರಮ ಬೇಡವೆಂದರು. ಕೆಲವೇ ದಿನಗಳಲ್ಲಿ ಹಟ್ಟಿಯವರೇ ಕರೆದು ಒಳಗೆ ಬರಮಾಡಿಕೊಂಡರು. 2021ರಲ್ಲಿ ನಾರಾಯಣಸ್ವಾಮಿ ಕೇಂದ್ರದಲ್ಲಿ ರಾಜ್ಯ ಸಚಿವರಾದರು, ಖಾತೆ ಸಾಮಾಜಿಕ ನ್ಯಾಯದ್ದು.

ಹಟ್ಟಿಯಲ್ಲಿ ಅಡ್ಡ ನಿಂತಾಗ ಪೇಟೆಯ ಜನ ಅಲ್ಲಿನ ಕಾಡುಗೊಲ್ಲರನ್ನು ಬೈದದ್ದೇ ಬೈದದ್ದು. ಅಡ್ಡ ನಿಂತದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೈದವರ ಮನೆಯಲ್ಲಿ ಕೆಲಸದವರ ಲೋಟ ಎಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ. ಹಟ್ಟಿಯವರೋ ತಾವೇ ಇನ್ನೊಂದು ಬಾಗಿಲ ಮುಂದೆ ಕಾದವರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಳಿಂದ ಅರ್ಜಿ ಹಿಡಿದು ನಿಂತಿದ್ದಾರೆ. 2020ರ ನವೆಂಬರ್ 3ರ ಶಿರಾ ಉಪಚುನಾವಣೆಗೆ ಸ್ವಲ್ಪ ಮೊದಲು ಸರ್ಕಾರಕ್ಕೆ ಅವರ ನೆನಪಾಗಿ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆಯಾಯಿತು. ಮತ ಎಣಿಸುವ ಹೊತ್ತಿಗೆ ಹಟ್ಟಿ ಯಾರಿಗೂ ದೂರವಲ್ಲ. ಆದರೆ 2023ರಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಸೂತಕವೆಂದು ಊರಾಚೆ ಗುಡಿಸಲಲ್ಲಿಟ್ಟು, ಮಳೆ ಚಳಿಗೆ ಕೂಸು ತೀರಿಕೊಂಡಿತಲ್ಲ, ಆ ತಾಯಿಯೂ ಮತದಾರಳೇ.

ಬಹಳ ಹಿಂದೆ, ನಾನಿನ್ನೂ ಮೇಷ್ಟ್ರಾಗಿದ್ದಾಗ, ಮಧುಗಿರಿ ಕಡೆಯ ಮತಗಟ್ಟೆಯೊಂದರಲ್ಲಿ ಶಾಯಿ ಹಚ್ಚುವ ಡ್ಯೂಟಿ ಬಿದ್ದಿತ್ತು. ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಶಾಯಿ, ಎಡಗೈ ತೋರುಬೆರಳು, ಉಗುರೂ ಚರ್ಮವೂ ಸೇರುವಲ್ಲಿ ಒಂದು ಗೀಟು. ಬೆರಳು ಹಿಡಿದುಕೊಳ್ಳದೆ ಗೀಟು ನೆಟ್ಟಗೆ ಬರುವುದಿಲ್ಲ. ಮಧ್ಯಾಹ್ನ ಕಾಲೊನಿಯಿಂದ ವಯಸ್ಸಾದ ಒಬ್ಬರು ಬಂದರು. ಮೇಜಿನಿಂದ ಮೊಳ ದೂರ ನಿಂತು ಕೈ ಚಾಚಿದರು. “ಇಲ್ಲಿ ಇಡಿ ಯಜಮಾನ್ರೇ” ಅಂದೆ. “ಇರ್ಲಿ ಬುಡಿ ಸಾಮಿ, ಹಿಂಗೇ ಹಾಕಿ” ಅಂದರು. ಎದ್ದು ಹೋಗಿ ಕೈ ಹಿಡಿಯಬಹುದಿತ್ತು. ಹಿಂದೆ ಊರ ಯಜಮಾನರು ಸಾಲಿನಲ್ಲಿ ನಿಂತು ನೋಡುತ್ತಿದ್ದರು, ನಾನು ಏಳಲಿಲ್ಲ. ಕೂತಲ್ಲಿಂದಲೇ ಕಡ್ಡಿ ಚಾಚಿದೆ. ಶಾಯಿ ತೊಟ್ಟಿಕ್ಕಿ ಅವರ ಬಿಳಿ ಪಂಚೆಯ ಮೇಲೆ ಬಿತ್ತು.

“ತಪ್ಪಾಯ್ತು ಸಾಮಿ” ಎಂದು ಅವರೇ ಅಂದರು.