ಹುಲಿಯ ಲೆಕ್ಕವಿಡುವವರು

ಮಗನಾಗಲಿ ಮಗಳಾಗಲಿ ಕಾಡುಮೃಗಗಳ ಅಭ್ಯಾಸಕ್ಕಾಗಿ ಅರಣ್ಯಕ್ಕೆ ಹೋಗುವೆನೆಂದರೆ, ‘ಅದೂ ಒಂದು ಉದ್ಯೋಗವೆ?’ ಎಂದು ಹಿರಿಯರು ಕೇಳುವುದುಂಟು. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರ ಬಾಳು ಈ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಇವರು ಮೊದಲು ಯಂತ್ರಶಾಸ್ತ್ರವನ್ನು ಕಲಿತರು. ಬಳಿಕ ಬೇಸಾಯವನ್ನೂ ಮಾಡಿದರು. ವನ್ಯಜೀವಿಶಾಸ್ತ್ರದ ಕ್ರಮಬದ್ಧವಾದ ವ್ಯಾಸಂಗಕ್ಕೆ ತೊಡಗಿದುದು ವಯಸ್ಸು ಮೂವತ್ತು ಮೀರಿದ ಮೇಲೆಯೇ. 1986ರಲ್ಲಿ ನಾಗರಹೊಳೆಯಲ್ಲಿ ಸಂಶೋಧನೆಯನ್ನಾರಂಭಿಸಿದರು.

ಆಗ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲೊಂದು ಬಗೆ, ಧೂಳಿನಲ್ಲೊಂದು ಬಗೆ. ಆದರೆ ಒಂದರ ಮೈಪಟ್ಟೆಯಂತೆ ಇನ್ನೊಂದರದು ಇರದು. ಕಾಡುದಾರಿಯ ಎರಡು ಬದಿಗಳಲ್ಲಿಯೂ ಕ್ಯಾಮರಾಗಳನ್ನಿರಿಸಿ, ನಡೆದುಹೋಗುವ ಹುಲಿಯ ಚಿತ್ರ ತಾನಾಗಿಯೇ ಮೂಡುವಂತೆ ಮಾಡಿದರು. ಮರಳಿ ಮರಳಿ ದೊರೆತ ಚಿತ್ರಗಳಿಂದ, ದೊರೆಯದೆ ಉಳಿದ ಹುಲಿಗಳನ್ನೂ ಗಣಿತದ ಮೂಲಕ ಅಂದಾಜುಮಾಡುವ ಕ್ರಮವನ್ನು ಕಾರಂತರು 1995ರಲ್ಲಿ ಪ್ರಕಟಿಸಿದರು.

ಲೆಕ್ಕ ತಪ್ಪಿದರೆ ನಷ್ಟವೇನು? ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದುವು. 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ.

ಹುಲಿಯನ್ನು ಮಾತ್ರ ಎಣಿಸಿದರೂ ಸಾಲದು. ಒಂದು ಹುಲಿಯು ವರ್ಷಕ್ಕೆ ಸುಮಾರು 50 ಜಿಂಕೆ ಕಡವೆಗಳನ್ನು ತಿನ್ನುತ್ತದೆ. ತಿಂದರೂ ಹಿಂಡು ಕುಂದದಿರಲು ಸುಮಾರು 500 ಇರಬೇಕು. ಅವುಗಳನ್ನು ಕಾಲ್ನಡಿಗೆಯಲ್ಲಿಯೇ, ದಿನದಿನವೂ, ಎಣಿಸಬೇಕು.

ಈ ವೃತ್ತಿಯಲ್ಲಿ ಬೇಗನೆ ಧನ ಬಾರದು. ಇದಕ್ಕೆ ಬೇಕಾದುದು ತಾಳ್ಮೆ, ಗಣಿತ, ಮತ್ತು ಕಂಡ ಸಂಖ್ಯೆಯನ್ನು ಕಂಡಂತೆಯೇ ಹೇಳುವ ಧೈರ್ಯ. ಮನೆಯ ಆಯವ್ಯಯವನ್ನು ಪ್ರಾಮಾಣಿಕವಾಗಿ ಬರೆದಿಡುವ ಗೃಹಸ್ಥರಿಗೆ ಇದರ ಬೆಲೆ ತಿಳಿಯದಿರದು.